ಹಾಲಿನ ಗಾಡಿ

ಸಂಬಳಕ್ಕೆ ಐಸ್‌ಹಾಕಿ ಆಟ ಆಡುವುದು ಇನ್ನೂ ಹೊಸತಾಗಿದ್ದ ಕಾಲ. ಕೆರೆ ಹೆಪ್ಪುಗಟ್ಟುವ ತನಕ ಆಟಗಾರನೆಂದರೆ ಬರೀ ಕಾಲಾಳು. ಒಂಟಾರಿಯೋದ ಆ ಊರಿನ ಶಿಬಿರದಲ್ಲಿ ಬೆಳಗಾದರೆ ಮರದ ಮಿಲ್ಲಿನವರೆಗೆ ಓಡಿ, ವಾಪಸು ಓಡಿ, ಆಮೇಲೆ ಸೌದೆ ಒಡೆಯಬೇಕು. ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಅನ್ನುವುದೂ ಆ ರಸ್ತೆಯಲ್ಲೇ ತೀರ್ಮಾನವಾಗುತ್ತಿತ್ತು. ನ್ಯಾಯವೇನಲ್ಲ, ಆದರೆ ಅಕ್ಟೋಬರಿನಲ್ಲಿ ಐಸು ಎಲ್ಲಿಂದ ತರುವುದು?

ಆರ್ಚಿ ಮೆಕ್‌ಲೀಶ್ ತಂಡದ ಹಳೆಯ ಹುಲಿ. ಬಲಮಂಡಿ ಮಾತ್ರ ಕೈಕೊಟ್ಟಿತ್ತು. ನೆಲದ ಮೇಲೆ ಒಂದೊಂದು ಹೆಜ್ಜೆಗೂ ಜೀವ ಹಿಂಡುತ್ತಿತ್ತು. ಸ್ಕೇಟು ಕಟ್ಟಿದರೆ ಸರಿಹೋಗುತ್ತದೆಂದು ಅವನು ನಂಬಿದ್ದ. ಐಸು ಬರುವವರೆಗೆ ಹೇಗಾದರೂ ದಿನ ತಳ್ಳಿದರೆ ಈ ವರ್ಷವೂ ತಂಡದಲ್ಲಿರಬಹುದು. ಇಲ್ಲದಿದ್ದರೆ ವರ್ಷವಿಡೀ ಗಣಿ ಕೆಲಸ. ಅದನ್ನು ನೆನೆದರೇ ಸುಸ್ತಾಗುತ್ತಿತ್ತು.

ಆ ಬೆಳಿಗ್ಗೆ ಮಿಲ್ಲಿನ ತಿರುವಿನಲ್ಲಿ ಹುಡುಗರನ್ನೆಲ್ಲ ಮುಂದೆ ಬಿಟ್ಟು, ಒಳದಾರಿಯಲ್ಲಿ ಹೊರಟಿದ್ದ ಹಾಲಿನ ಗಾಡಿ ಹತ್ತಿ ಕ್ಯಾನುಗಳ ನಡುವೆ ಮುದುರಿಕೊಂಡ. ಕುದುರೆಗೆ ನೀರು ಕುಡಿಸಲು ಗಾಡಿ ಸೇತುವೆ ಬಳಿ ನಿಂತಾಗ ಇಳಿದು ನೋಡಿದರೆ ಕಟ್ಟೆಯ ಮೇಲೆ ಕೋಚ್ ಹೆಕ್ಟರ್ ಪೆಟಿಗ್ರೂ! ಹಿಂದೆ ಇಬ್ಬರೂ ಜೋಡಿಯಾಗಿ ಆಡಿದವರು.

“ಬಾರಯ್ಯ ಆರ್ಚಿ. ಹಾಲು ಒಡೆದಿಲ್ಲ ತಾನೆ?”

“ನಿಂಗೆ ಹೇಗೋ ಗೊತ್ತಾಯ್ತು?”

“ಈ ಗಾಡಿ ಹತ್ತೋದು ಕಲಿಸಿದ್ದೇ ನಾನಲ್ವೇನೋ ಪೆದ್ದ! ಇಲ್ಲೇ ಇಳಿದು, ಮುಖಕ್ಕೆ ನೀರು ಎರಚ್ಕೊಂಡು, ಬೆವರು ಅಂತಿದ್ವಿ.”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

“ಆಗ ಸೋಮಾರಿತನಕ್ಕೆ ಹತ್ತುತಿದ್ವಿ ಕಣೋ,” ಎಂದ ಹೆಕ್ಟರ್. “ಈಗ ನೀನು ಇಳಿಯೋವಾಗ ಚಕ್ರ ಹಿಡ್ಕೊಂಡು ನಿಂತೆ. ನೋಡ್ದೆ.”

“ಐಸ್ ಬರ್ಲಿ, ತೋರಿಸ್ತೀನಿ.”

“ಹೋದ ವರ್ಷ ಐಸ್ ಮೇಲೂ ನೋಡಿದೀನಿ. ಬಾಯಿ ಬಿಡಲಿಲ್ಲ ಅಷ್ಟೆ.”

ಆರ್ಚಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ, ಅದರ ಜೊತೆ ನಾಚಿಕೆಯಾಗುವಷ್ಟು ನೆಮ್ಮದಿ. ನಾಳೆ ಓಡಬೇಕಿಲ್ಲ.

“ಗಾಡಿ ರೈಲ್ವೆ ಸ್ಟೇಷನ್ನಿಗೆ ತಾನೆ ಹೋಗೋದು?” ಎಂದು ಕೇಳಿದ.

“ಹೂಂ. ನಿನ್ನ ಚೀಲ ನಾನೇ ತರ್ತೀನಿ,” ಎಂದು ಹೆಕ್ಟರ್ ಹೆಗಲು ಕೊಟ್ಟು ಅವನನ್ನು ಮೇಲೆ ಹತ್ತಿಸಿದ.

ಅಷ್ಟರಲ್ಲಿ ಹುಡುಗರು ಏದುಸಿರು ಬಿಡುತ್ತ ಸೇತುವೆಗೆ ಬಂದರು. “ಮೋಸ, ಮೋಸ! ಕೋಚ್ ಎದುರಿಗೇ ಗಾಡಿ ಹತ್ತಿ ಕೂತಿದಾನೆ ನೋಡ್ರೋ ಮುದುಕ! ನಮ್ಮನ್ನೂ ಹತ್ತಿಸ್ಕೊಳ್ಳಣ್ಣ!” ಎಂದು ಒಬ್ಬ ಕೂಗಿದ.

“ಓಡ್ರೋ, ಓಡಿ,” ಎಂದು ಆರ್ಚಿ ನಕ್ಕು ಕೈ ಬೀಸಿದ.

ತಿಂಡಿಗೆ ಹೇಗೂ ಸಿಗುತ್ತಾನೆಂದುಕೊಂಡು ಅವರು ಕೇಕೆ ಹಾಕುತ್ತ ಊರ ಕಡೆ ಓಡಿದರು.