ಎಡೆಗೆ ತಂದ ನವಿಲು ಛಾಪ

ತವರೆಂದರೆ ಸುನಿತಾಳಿಗೆ ಮೊದಲು ನೆನಪಾಗುವುದು ಒಂದು ನಾತ. ಇಳಕಲ್ಲಿನ ಆ ಮನೆಯ ಮಗ್ಗದ ಕೋಣೆಯಲ್ಲಿ ಗಂಜಿ ಹಚ್ಚಿದ ನೂಲಿನ ಹುಳಿವಾಸನೆಯೂ ಅಪ್ಪ ಅಮೀನಪ್ಪನ ಸಿಗರೇಟಿನ ಹೊಗೆಯೂ ಕಲೆತು ಅವಳ ಲಂಗಕ್ಕೆ ಅಂಟಿ ಶಾಲೆಯವರೆಗೂ ಬರುತ್ತಿದ್ದವು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತ ಅಪ್ಪ ಕೆಮ್ಮಿ ಕೆಮ್ಮಿ ಮೂಲೆಯ ಡಬ್ಬಿಗೆ ಉಗುಳುತ್ತಿದ್ದ. ಅದರ ಮೇಲೆಲ್ಲ ನೊಣ.

ಅವನಿಗೆ ನವಿಲು ಛಾಪ ಬಿಟ್ಟು ಬೇರೆಯದು ಸೇರುತ್ತಿರಲಿಲ್ಲ. ಸಾಸಿವೆ ಬಣ್ಣದ ಪಾಕೀಟು, ಮೇಲೆ ಗರಿ ಬಿಚ್ಚಿದ ನವಿಲು, ಒಳಗೆ ಫಿಲ್ಟರ್ ಇಲ್ಲದ ಮೋಟು ಸಿಗರೇಟು. ಅವನು ಹುಡುಗನಾಗಿದ್ದಾಗ ಕಂಪನಿಯವರು ಜೀಪಿನಲ್ಲಿ ಹಾಡು ಹಚ್ಚಿಕೊಂಡು ಸಂತೆಗೆ ಬಂದು ನೇಕಾರರಿಗೆ ಪುಕ್ಕಟೆ ಹಂಚಿದ್ದರಂತೆ. ಆಮೇಲೆ ಹುನಗುಂದದಿಂದ ಬಾದಾಮಿಯವರೆಗೆ ಉಪ್ಪು ಮಾರುವ ಅಂಗಡಿಯಲ್ಲೆಲ್ಲ ಅದು ಸಿಗುತ್ತಿತ್ತು. ಫಿಲ್ಟರಿನವು ಬಂದು ಗಿರಾಕಿ ಕಡಿಮೆಯಾಗಿ, ತೊಂಬತ್ತೊಂಬತ್ತರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಅಪ್ಪನ ಗಂಟಲಲ್ಲಿ ಹುಣ್ಣು ಎದ್ದಿತ್ತು. ಕಡೆಗಾಲದಲ್ಲಿ ಅವನು ಕೀವು ಉಗುಳಿದ ಬೋಗುಣಿಯನ್ನು ಪಕ್ಕದ ಮನೆಯ ಲಾಡಬಿ ಮುಖ ಸಿಂಡರಿಸದೆ ತೊಳೆದಿಡುತ್ತಿದ್ದಳು.

ಈಗ ಅವನ ದಿವಸ, ತೀರಿಕೊಂಡವನಿಗೆ ಎಡೆ ಇಡುವ ದಿನ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಎಡೆಗಿಟ್ಟ ಮೇಲೆಯೇ ಉಳಿದವರು ಉಣ್ಣಬೇಕು. ಸತ್ತವನು ಸೇದುತ್ತಿದ್ದರೆ ಮಗ ಸಿಗರೇಟನ್ನು ತನ್ನ ಬಾಯಲ್ಲಿ ಹೊತ್ತಿಸಿ ಇಡಬೇಕು. ಸುನಿತಾಳ ತಮ್ಮ ಪ್ರಭುವಿನ ಕೆನ್ನೆಯೊಳಗೆ ಬಿಳಿ ಕಲೆ ಕಂಡು ಡಾಕ್ಟರು ಹೆದರಿಸಿದ್ದರು. ಅವನು ಸಿಗರೇಟು ಬಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

"ಸಿಗೂದಿಲ್ಲ ಅಂದ್ರಿ. ಈಗ ನೋಡ್ರಿ," ಎಂದು ಹೊಳಬಸಪ್ಪ ಕಾಕಾ ಕಿಸೆಯಿಂದ ಪಾಕೀಟು ತೆಗೆದ. "ಹುನಗುಂದ ಎಲ್ಲಾ ತಿರುಗಿದೆ. ಕಡೀಕ ಗುಡೂರಾಗ ಮುರ್ತುಜಸಾಬನ ಅಂಗಡಿ ಅಟ್ಟದ ಮ್ಯಾಲ ಇತ್ತು. ಅಮೀನಪ್ಪಗ ಅಂದ್ರ ರೊಕ್ಕ ಬ್ಯಾಡ ಅಂದ, ಪುಣ್ಯಾತ್ಮ."

ಪಾಕೀಟು ಬಿಚ್ಚಿದಾಗ ಸುನಿತಾ ಬಗ್ಗಿ ನೋಡಿದಳು. ಬೂಸ್ಟು ಹಿಡಿದ ಕಾಗದ, ಹುಳ ಕೊರೆದ ತೂತು, ತೂತಿನಿಂದ ಉದುರುವ ಕಂದು ಪುಡಿ. ಕಾಕಾ ಅದನ್ನು ಪ್ರಸಾದದ ಹಾಗೆ ಪ್ರಭುವಿನ ಮುಂದೆ ಹಿಡಿದ.

"ಅವ ಬಿಟ್ಟಾನ್ರಿ ಕಾಕಾ. ಮತ್ತ ಹಚ್ಚಬ್ಯಾಡ್ರಿ," ಎಂದಳು ಸುನಿತಾ.

"ಒಂದ ದಮ್ಮಿಗೆ ಏನಾಕ್ಕೈತಿ? ಹೆತ್ತಪ್ಪನ ಸಲುವಾಗಿ ಇಷ್ಟೂ ಮಾಡಾಕ ಆಗೂದಿಲ್ಲೇನು?"

"ಅಪ್ಪನ ಗಂಟಲಾ ತಿಂದದ್ದನ್ನ ಅಪ್ಪಗ ಉಣಸ್ತೀರಿ?"

"ಕಾಲೇಜು ಕಲತಾಕಿ ನೀ. ನಿನ್ನ ಕೂಡ ವಾದಕ್ಕ ನಾ ಎಲ್ಲಿ ಸಾಲ್ತೇನಿ," ಕಾಕಾ ನಕ್ಕ. "ಲೇ ಪ್ರಭು, ಮಂದಿ ಹಸಗೊಂಡು ಕುಂತೈತಿ. ಹಚ್ಚು."

ಪ್ರಭು ಸಿಗರೇಟು ಇಸಿದುಕೊಂಡ. ನಡುವೆ ಒಂದು ದಿನವೂ ಬಿಟ್ಟೇ ಇಲ್ಲವೇನೋ ಎಂಬಂತೆ ಅದು ಅವನ ಬೆರಳ ಸಂದಿಯಲ್ಲಿ ಕೂತಿತು. ಮೂಗಿನ ಹತ್ತಿರ ತಂದು ಮೂಸಿದ. ಅವನು ಉಗುಳು ನುಂಗಿದ್ದು ಸುನಿತಾಳಿಗೆ ಕಂಡಿತು. ಅಷ್ಟು ಹೇಸಿಗೆಯ ವಸ್ತುವಿಗೂ ಅವನ ಬಾಯಲ್ಲಿ ನೀರೂರುತ್ತಿತ್ತು. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಕಾಕಾ ಕಡ್ಡಿ ಗೀರಿದ.

ಅಡುಗೆಮನೆಯಿಂದ ತಾಯಿ ರತ್ನಾಬಾಯಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಎಡೆಯಾಗುವ ಮೊದಲು ಆ ಮನೆಯಲ್ಲಿ ಈವರೆಗೆ ಯಾರೂ ತುತ್ತು ಮುಟ್ಟಿದ್ದಿಲ್ಲ. ಅವಳೇ ಅದನ್ನು ಕಾದುಕೊಂಡು ಬಂದವಳು. ಅವಳು ಮಗನ ಬೆರಳುಗಳಿಂದ ಸಿಗರೇಟು ಬಿಡಿಸಿ ಅಂಗಳಕ್ಕೆ ಎಸೆದಳು. ಕಾಕಾನ ಕಡ್ಡಿ ಬೆರಳಿನವರೆಗೆ ಉರಿದು ಆರಿತು.

ಆಮೇಲೆ ಇನ್ನೊಂದು ಕೈಯಲ್ಲಿದ್ದ ತಾಟನ್ನು, ಹೋಳಿಗೆ, ಅನ್ನ, ಕಟ್ಟಿನ ಸಾರು ಬಡಿಸಿದ್ದನ್ನು, ಫೋಟೋದ ಮುಂದಿಡದೆ, ಉಣ್ಣೆಂದು ಪ್ರಭುವಿನ ಕೈಗೆ ಕೊಟ್ಟಳು.