ಬಡವರ ತುಂಡಿನ ನಾಣ್ಯ

ಅವತ್ತು ಬೆಳಗ್ಗೆ ಬಡಗಣ ಗಾಳಿ ಎಷ್ಟು ಜೋರಾಗಿತ್ತೆಂದರೆ, ಆ ಗ್ರೀಕ್ ದ್ವೀಪದ ಒಂದು ದೋಣಿಯೂ ದಡ ಬಿಡಲಿಲ್ಲ. ಗಾಳಿ ನಿಂತರೂ ಅರ್ಗೀರಿಸನ ದೋಣಿ ಹೊರಡುವಂತಿರಲಿಲ್ಲ. ಎಂಜಿನ್ ಕೆಟ್ಟು ಕೂತಿತ್ತು. ಹೊಸದಕ್ಕೆಂದು ಹೆಂಡತಿ ಎವಾಂಥಿಯಾ ಕೂಡಿಸಿಟ್ಟ ಯೂರೋಗಳು ಅವನ ಫೋನಿನೊಳಗೆ ಕರಗುತ್ತಿದ್ದವು.

ಫೋನಿನ ಜೂಜಾಟದಲ್ಲಿ ಟೋಪಿಯ ಸಾಹಸಿಯೊಬ್ಬ ಗೋರಿಯೊಳಗೆ ನಿಧಿ ಹುಡುಕುತ್ತಿದ್ದ. ಹಣ ಕಟ್ಟಿ ಗುಂಡಿ ಒತ್ತಿದರೆ ಚಿತ್ರಗಳ ಐದು ಪಟ್ಟಿ ಗಿರ್ರನೆ ತಿರುಗಿ ನಿಲ್ಲುತ್ತವೆ. ಒಂದೇ ಚಿತ್ರ ಸಾಲಾಗಿ ಕೂತರೆ ಹಣ. ಮೂರು ಹಳೇ ಪುಸ್ತಕ ಬಿದ್ದರೆ ಹತ್ತು ಸುತ್ತು ಪುಕ್ಕಟೆ. ಈಗ ಎರಡು ಬಿದ್ದಿದ್ದವು.

“ನೋಡು ಫ್ರೋಸಕ್ಕ, ಕೂದಲೆಳೆಯಲ್ಲಿ ತಪ್ಪೋಯ್ತು! ಮುಂದಿನ ಸಲ ಬಂದೇ ಬರುತ್ತೆ.”

ಎವಾಂಥಿಯಾಳ ಅಕ್ಕ ಫ್ರೋಸೋ, ಶಾಲೆಯಲ್ಲಿ ಲೆಕ್ಕ ಕಲಿಸಿದವಳು, ಕಾಫಿ ಕೆಳಗಿಟ್ಟಳು. “ಬರ್ತೀನಿ ಅಂತ ನಿಂಗೆ ಹೇಳಿಕಳಿಸಿದೆಯಾ? ಆ ಆಟಕ್ಕೆ ಹಿಂದಿನ ಸುತ್ತಿನ ನೆನಪೇ ಇರಲ್ಲ ಕಣೋ. ಪ್ರತಿ ಸಲವೂ ಹೊಸದು.”

“ನೂರಕ್ಕೆ ತೊಂಬತ್ತಾರು ವಾಪಸ್ ಅಂತ ಅವರೇ ಬರೆದಿದ್ದಾರೆ!”

“ನಿಂಗಲ್ಲ. ಆಡೋರೆಲ್ಲರ ಲಕ್ಷಾಂತರ ಸುತ್ತಿನ ಸರಾಸರಿ ಅದು. ಒಬ್ಬನಿಗೆ ರಾಶಿ ಬಿದ್ದರೆ ನೂರಾರು ಜನ ಬರಿಗೈ. ಬಂದದ್ದನ್ನೂ ನೀನು ಮತ್ತೆ ಹಾಕ್ತೀಯಲ್ಲ, ಅದರಲ್ಲೂ ಆಟ ತನ್ನ ಪಾಲು ಕಚ್ಚಿಕೊಳ್ಳುತ್ತೆ. ಆಗಲೇ ಎರಡು ಯೂರೋ ಹಾಕಿ ಒಂದು ಬಂತು; ಅದಕ್ಕೇ ದೀಪ ಹಚ್ಚಿ ಗಂಟೆ ಬಾರಿಸಿ ‘ಗೆದ್ದೆ’ ಅಂತು. ಗೆದ್ಯಾ?”

ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. “ಈ ವರ್ಷದ ಅದೃಷ್ಟ ನಂದು. ಹೊಸ ವರ್ಷದ ಕೇಕಿನಲ್ಲಿ ಬಚ್ಚಿಟ್ಟ ನಾಣ್ಯ ನಂಗೇ ಸಿಕ್ತಲ್ಲ!”

ಒಲೆಯ ಮುಂದಿದ್ದ ಎವಾಂಥಿಯಾ ತಿರುಗಲಿಲ್ಲ. “ಕ್ರಿಸ್ತನಿಗೊಂದು ತುಂಡು, ಮನೆಗೊಂದು, ಬಡವರಿಗೊಂದು ಅಂತ ಕೊಯ್ದವಳು ನಾನು. ನಾಣ್ಯ ಇದ್ದದ್ದು ಬಡವರ ತುಂಡಲ್ಲಿ. ನೀನು ನಕ್ಕೊಂಡು ಜೇಬಿಗಿಳಿಸಿದೆ. ಹಬ್ಬದ ದಿನ ಜಗಳ ಯಾಕೆ ಅಂತ ನಾನು ಬಾಯಿ ಮುಚ್ಕೊಂಡೆ.”

ಗಾಳಿ ಕಿಟಕಿ ಬಡಿಯಿತು. ಸಾಹಸಿ ಕೈಬೀಸಿ ಕರೆಯುತ್ತಲೇ ಇದ್ದ.

“ಹೋದ ದುಡ್ಡು?” ಎಂದ ಅರ್ಗೀರಿಸ್.

“ಅದರ ಬೆನ್ನು ಹತ್ತಿದ್ರೆ ಉಳಿದದ್ದೂ ಹೋಗುತ್ತೆ,” ಎಂದಳು ಫ್ರೋಸೋ. “ಹೊಸ ಎಂಜಿನ್ ಬೇಡ. ಇರೋದನ್ನೇ ರಿಪೇರಿ ಮಾಡಿಸು, ಅಷ್ಟು ದುಡ್ಡು ಇನ್ನೂ ಇದೆ.”

ಹೆಬ್ಬೆರಳು ಮೆಲ್ಲಗೆ ಸರಿಯಿತು. ಉಳಿದ ಹಣವನ್ನು ಹೆಂಡತಿಯ ಖಾತೆಗೆ ಕಳಿಸಿದ. ಆಟದ ಖಾತೆ ಮುಚ್ಚಿದ.

ಓದುತ್ತಿರುವ ಅಣ್ಣಂದಿರೇ, ತಾಯಂದಿರೇ, ‘ಇನ್ನೊಂದೇ ಸುತ್ತು’ ಅನ್ನಿಸಿದ ಗಳಿಗೆಯಲ್ಲೇ ಫೋನ್ ಕೆಳಗಿಡಿ. ನಾಚಿಕೆ ಬಿಟ್ಟು ಮನೆಯವರಿಗೆ ಹೇಳಿ. ದೇವರು ಎರಡು ಕೈಗಳನ್ನು ಕೊಟ್ಟದ್ದು ದುಡಿಯಲಿಕ್ಕೆ.

ಸಂಜೆ ಪ್ರಾರ್ಥನೆಗೆ ಹೊರಟ ಎವಾಂಥಿಯಾಳ ಅಂಗೈಯಲ್ಲಿ ಅರ್ಗೀರಿಸ್ ಆ ನಾಣ್ಯವಿಟ್ಟ. “ಬಡವರದ್ದು,” ಎಂದ, ಅಷ್ಟೇ. ಅವಳು ಬೆರಳು ಮಡಚಿಕೊಂಡಳು.