ಅಕ್ಕ ಮುಟ್ಟದೆ ಬಿಟ್ಟದ್ದು

ಹಳೆಯ ಧ್ವನಿಮುದ್ರಣಗಳ ಗದ್ದಲ ತೆಗೆದುಕೊಡುವ ಆ ವೆಬ್‌ಸೈಟಿಗೆ ಕೋಡ್ ಬರೆಯುತ್ತಿದ್ದವರು ಇಬ್ಬರೇ: ಹಿರಿಯಳಾದ ಅಕ್ಕ, ಮತ್ತು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ತಮ್ಮ. ಒಡಹುಟ್ಟಿದವರಲ್ಲ, ಒಂದೇ ಮೇಜು ಹಂಚಿಕೊಂಡು ಹಾಗಾದವರು.

ಅಕ್ಕನಿಗೆ ಎರಡು ಹಟ. ಫೈಲ್ ಶುದ್ಧವಾಗುವ ತನಕ ವೆಬ್‌ಸೈಟಿನ ಪುಟ ಗರಬಡಿದಂತೆ ನಿಲ್ಲಬಾರದು. ಕೆಲಸ ಹಿಂದೆ ತನ್ನ ಪಾಡಿಗೆ ನಡೆಯಲಿ, ಮುಗಿದಾಗ ಕೂಗಿ ಹೇಳಲಿ. ಇದನ್ನು ತಮ್ಮ ಒಪ್ಪಿದ್ದ. ಇನ್ನೊಂದಕ್ಕೆ ಮಾತ್ರ ಅವನ ಮೈಯೆಲ್ಲ ಉರಿಯುತ್ತಿತ್ತು. ಕೋಡಿನ ಯಾವ ತುಣುಕೂ ತನ್ನ ಕೈಗೆ ಬಂದ ಫೈಲನ್ನು ತಿದ್ದಬಾರದಂತೆ. ಅದನ್ನು ನೋಡಿಕೊಂಡು ಹೊಸದೊಂದನ್ನು ಮಾಡಿ ಕೊಡಬೇಕಂತೆ.

"ಹಳೇದರ ಮೇಲೇ ಬರೆದ್ರೆ ಮುಗೀತಲ್ಲ ಅಕ್ಕಾ? ಸುಮ್ನೆ ಜಾಗ ದಂಡ."

ಅವನು ಹಾಗೆ ಬರೆದ ಕೋಡನ್ನು ಅಕ್ಕ ಅಳಿಸಿ ತನ್ನ ರೀತಿಯಲ್ಲೇ ಬರೆದಳು. ತಮ್ಮ ವಾರವೆಲ್ಲ ಮುಖ ಊದಿಸಿಕೊಂಡಿದ್ದ.

ಒಂದು ಬೆಳಗ್ಗೆ ಬಡಗಿಯೊಬ್ಬರು ಕಚೇರಿಗೇ ಬಂದರು. ತೋಳಿನ ಮೇಲೆಲ್ಲ ಮರದ ಪುಡಿ. ಮಗಳು ಚಿಕ್ಕವಳಿದ್ದಾಗ ಹೇಳಿದ ಪದ್ಯದ ಧ್ವನಿಮುದ್ರಣವನ್ನು ಶುದ್ಧ ಮಾಡಲು ಕಳಿಸಿದ್ದವರು ಅವರು.

"ಮಗಳ ದನಿ ಚೆನ್ನಾಗಿ ಕೇಳ್ಸುತ್ತೆ. ಆದ್ರೆ ನನ್ನ ಹೆಂಡತೀನ ಗದ್ದಲ ಅಂತ ತೆಗೆದುಬಿಟ್ಟಿದೀರ."

ತಮ್ಮ ಕಣ್ಣು ಕಣ್ಣು ಬಿಟ್ಟ.

"ಹಿಂದೆ ಅವಳು ಪಾತ್ರೆ ತೊಳೀತಾ ಗುನುಗ್ತಿದ್ಲು. ಈಗ ಅವಳಿಲ್ಲ. ಅವಳ ದನಿ ಬೇರೆಲ್ಲೂ ಇಲ್ಲ. ಅದನ್ನ ರೆಕಾರ್ಡ್ ಮಾಡಿದ್ದ ನನ್ನ ಫೋನೂ ನೀರಿಗೆ ಬಿತ್ತು, ಅದ್ರಲ್ಲಿದ್ದ ಹಳೇದೂ ಹೋಯ್ತು."

ಯಾವುದು ಗದ್ದಲವೆಂದು ತೀರ್ಮಾನಿಸುವ ಸಾಲುಗಳು ತಮ್ಮನವೇ. ಅಂದು ತನ್ನ ಮಾತೇ ನಡೆದಿದ್ದರೆ ಈಗ ಏನೂ ಉಳಿದಿರುತ್ತಿರಲಿಲ್ಲ ಎಂದುಕೊಂಡ. ತಕ್ಷಣ ಸರ್ವರ್ ತಡಕಿದ. ಬಂದ ಫೈಲ್ ಬಂದ ಹಾಗೆಯೇ ಇತ್ತು.

ಅದನ್ನು ಹಾಕಿದ. ನಲ್ಲಿಯ ಸದ್ದು, ತಟ್ಟೆಗಳ ಸದ್ದು, ಮಗುವಿನ ತೊದಲು ಪದ್ಯ. ಅದರ ಹಿಂದೆ ಶ್ರುತಿಯ ಗೊಡವೆಯೇ ಇಲ್ಲದ ಗುನುಗು.

"ಯಾವತ್ತೂ ರಾಗ ಹತ್ತಲಿಲ್ಲ ಅವಳಿಗೆ," ಎಂದು ಬಡಗಿ ನಕ್ಕರು, ಕಣ್ಣೊರೆಸಿಕೊಂಡರು. ತಮ್ಮನ ಕೈ ಹಿಡಿದುಕೊಂಡರು. ಸುಮ್ಮನಿದ್ದಿದ್ದರೆ ಪುಣ್ಯವೆಲ್ಲ ಅವನದೇ ಆಗುತ್ತಿತ್ತು.

"ನನಗಲ್ಲ ಯಜಮಾನ್ರೇ, ಅಕ್ಕನಿಗೆ ಹೇಳಿ. ನಾನಾಗಿದ್ರೆ ಅಳಿಸಿಬಿಟ್ಟಿರ್ತಿದ್ದೆ." ಅಕ್ಕನ ಹಟಕ್ಕೆ ತಾನು ಎಷ್ಟು ಋಣಿ ಎಂದು ಅವನಿಗೆ ಆಗಲೇ ತಿಳಿದದ್ದು.

ಬಡಗಿ ಅವಳತ್ತ ತಿರುಗಿ ಕೈಮುಗಿದರು. ಅಕ್ಕ ಗಡಬಡಿಸಿ ಎದ್ದು ನಿಂತಳು.

"ಅಯ್ಯೋ, ನಾನೇನೂ ಮಾಡಿಲ್ಲ. ನಿಮ್ಮದನ್ನ ಮುಟ್ಟಲಿಲ್ಲ, ಅಷ್ಟೇ."

"ಅದಕ್ಕೇ ತಾಯೀ," ಎಂದರು ಬಡಗಿ.